ಹಳೆ ಅಡುಗೆ ಕಟ್ಟೆ ತುಂಡು ಮಾಡಲು ಯಾವ ಗರಗಸ?

ಮಂಗಳೂರಿನ ಕದ್ರಿಯ ನಮ್ಮ ಫ್ಲ್ಯಾಟಿನ ಅಡುಗೆ ಕಟ್ಟೆ ಗ್ರಾನೈಟ್‌ನದ್ದಲ್ಲ. 38 ಮಿ.ಮೀ. ದಪ್ಪದ ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ), ಮೇಲೆ ಸನ್‌ಮೈಕಾ. ಸಿಂಕ್ ಹತ್ತಿರ ನೀರು ಇಳಿದು ಇಳಿದು ಹಲಗೆ ಉಬ್ಬಿಹೋಗಿತ್ತು. 60 ಸೆಂ.ಮೀ. ಅಗಲದ ಈ ಹಲಗೆ ಮೀಟರಿಗೆ ಸುಮಾರು 15 ಕೆಜಿ ತೂಗುತ್ತದೆ. ಇಡಿಯಾಗಿ ಲಿಫ್ಟಿಗೆ ಹಿಡಿಸುವುದೇ ಇಲ್ಲ. ಬಿಸಾಡುವ ಸಾಮಾನು, ಅಂಚು ಚೆಂದ ಬರಬೇಕೆಂದೇನಿಲ್ಲ. ಕೈಗೆ ಅಪಾಯ ಆಗಬಾರದು, ಹುಡಿ ಜಾಸ್ತಿ ಹಾರಬಾರದು, ಅಷ್ಟೇ.

ಕೈಗರಗಸದಲ್ಲಿ ಸದ್ದಿಲ್ಲ, ಹುಡಿ ಕೆಳಗೇ ಬೀಳುತ್ತದೆ. ಆದರೆ ಬೋರ್ಡಿನ ಅಂಟು ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಒಂದೆರಡು ಕಡೆ ಕತ್ತರಿಸುವುದಾದರೆ ಸಾಕು, ಉದ್ದ ಕಟ್ಟೆಗೆ ತೋಳು ಸೋಲುತ್ತದೆ.

ಜಿಗ್‌ಸಾ, ಅಂದರೆ ಸಪೂರ ಬ್ಲೇಡ್ ಮೇಲೆ ಕೆಳಗೆ ಆಡುವ ಕರೆಂಟ್ ಗರಗಸ, ಮೂಲೆಗೆ ಒಳ್ಳೆಯದು. ಇಷ್ಟು ದಪ್ಪದ ಹಲಗೆಯಲ್ಲಿ ಬ್ಲೇಡ್ ಬಾಗಿ ಓರೆ ಹೋಗುತ್ತದೆ, ನಿಧಾನವೂ ಹೌದು.

ನಮ್ಮೂರಲ್ಲಿ ಎಲ್ಲರೂ ಮೊದಲು ಕೈ ಹಾಕುವುದು ಮಾರ್ಬಲ್ ಕಟರಿಗೆ. ಮರದ ಬ್ಲೇಡ್ ಹಾಕಿದರೆ ಆಯ್ತಲ್ಲ ಅನ್ನುತ್ತಾರೆ. ನನಗೆ ಇದೇ ಬೇಡ ಅನಿಸಿದ್ದು. ನಾಲ್ಕಿಂಚಿನ ಬ್ಲೇಡ್ ಇಳಿಯುವುದು 30-34 ಮಿ.ಮೀ. ಮಾತ್ರ, ಮತ್ತೆ ಹಲಗೆ ಮಗುಚಬೇಕು. ತಿರುಗುವ ವೇಗವೋ ನಿಮಿಷಕ್ಕೆ 12,000 ಸುತ್ತಿನ ಆಸುಪಾಸು. ಬ್ಲೇಡನ್ನು ಕೆಳಗಿನಿಂದ ತಾನಾಗಿ ಮುಚ್ಚುವ ಗಾರ್ಡೂ ಇಲ್ಲ. ಬ್ಲೇಡ್ ಹಲಗೆಯಲ್ಲಿ ಕಚ್ಚಿಕೊಂಡರೆ ಮೆಷಿನ್ ಮೈಮೇಲೆಯೇ ಹಾರುತ್ತದೆ.

ಗೆದ್ದದ್ದು ಏಳಿಂಚಿನ ಸರ್ಕ್ಯುಲರ್ ಸಾ, ಅಂದರೆ ಮರ ಕತ್ತರಿಸಲೆಂದೇ ಇರುವ ದುಂಡು ಬ್ಲೇಡಿನ ಕರೆಂಟ್ ಗರಗಸ. 60 ಮಿ.ಮೀ.ಗಿಂತ ಜಾಸ್ತಿ ಆಳ ಹೋಗುತ್ತದೆ, ಎತ್ತಿದ ಕೂಡಲೇ ಗಾರ್ಡ್ ಮುಚ್ಚಿಕೊಳ್ಳುತ್ತದೆ. ಹುಡಿ ಹೆಚ್ಚೇ, ಅದಕ್ಕೆ ಬಾಲ್ಕನಿ ಮತ್ತು ಎನ್95 ಮಾಸ್ಕ್ ಬೇಕು. 24 ಹಲ್ಲಿನ ಬ್ಲೇಡ್ ಧಾರಾಳ ಸಾಕು, ನಯವಾಗಿ ಕತ್ತರಿಸಲೆಂದು ದುಬಾರಿಯದ್ದು ಸುಮ್ನೆ ಖರ್ಚು. ಬಾಡಿಗೆಗೆ ಸಿಕ್ಕಿದರೆ ಕೊಳ್ಳುವುದೇ ಬೇಡ.

ಕಟ್ಟೆಯನ್ನು ಮೊದಲು ಸಿಂಕಿನ ತೂತಿನ ಹತ್ತಿರ ಕತ್ತರಿಸಿ. ಅಲ್ಲಿ ಮುಂದೆ, ಹಿಂದೆ ಉಳಿದಿರುವುದು ನಾಲ್ಕು ಬೆರಳಗಲದ ಪಟ್ಟಿ ಮಾತ್ರ. ಸ್ಕ್ರೂ ಇದ್ದರೆ ಮೊದಲೇ ತೆಗೆಯಿರಿ. ಕತ್ತರಿಸುವ ಗೆರೆಯ ಎರಡೂ ಕಡೆ ಹಲಗೆಯ ಕೆಳಗೆ ಮರದ ರೀಪು ಆಧಾರ ಕೊಡಿ, ಆಗ ಹಲಗೆ ನಡುವೆ ಕುಸಿದು ಬ್ಲೇಡನ್ನು ಹಿಡಿಯುವುದಿಲ್ಲ. ಬ್ಲೇಡ್ ಹಲಗೆಯ ದಪ್ಪಕ್ಕಿಂತ ಅರ್ಧ ಸೆಂ.ಮೀ. ಮಾತ್ರ ಕೆಳಗೆ ಇಳಿಯಲಿ.

ಸ್ಟೀಲ್ ಸಿಂಕನ್ನು ಗುಜರಿಯವರು ಖುಷಿಯಿಂದ ತೆಗೆದುಕೊಂಡರು, ಬೋರ್ಡ್ ಮಾತ್ರ ಬೇಡ ಅಂದರು. ಊರ ಮನೆಗಳಲ್ಲಿ ಇಂಥ ತುಂಡುಗಳು ಬಚ್ಚಲ ಹಂಡೆಯ ಒಲೆಗೆ ಹೋಗಿಬಿಡುತ್ತವೆ. ದಯವಿಟ್ಟು ಹಾಕಬೇಡಿ. ಅದರೊಳಗಿರುವುದು ಫಾರ್ಮಾಲ್ಡಿಹೈಡ್ ಅಂಟು, ಅದರ ಹೊಗೆ ಮಕ್ಕಳ ಎದೆಗೆ ಹೋಗುತ್ತದೆ. ನಾವು ತುಂಡುಗಳನ್ನು ಕಟ್ಟು ಕಟ್ಟಿ, ಮನೆ ಕೆಲಸದ ಉಳಿದ ಕಸದ ಜೊತೆ ಟೆಂಪೋಗೆ ಹಾಕಿ ಕಳಿಸಿದೆವು.