ಕನ್ನಡ ಜಾಲತಾಣಕ್ಕೆ ವರ್ಡ್‌ಪ್ರೆಸ್ ಮತ್ತು ನೋಟೋ ಸಾನ್ಸ್ ಕನ್ನಡ: ಮೂರು ವರ್ಷಗಳ ಬಳಕೆಯ ನಂತರ

ತಿಪಟೂರು ಸೀಮೆಯ ತೆಂಗು ಬೆಳೆಗಾರರು ಕಟ್ಟಿಕೊಂಡಿರುವ ರೈತ ಉತ್ಪಾದಕರ ಕಂಪನಿಯೊಂದರ ಜಾಲತಾಣವನ್ನು 2022ರ ಮಳೆಗಾಲದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಉಂಡೆ ಕೊಬ್ಬರಿಯ ದರ, ಸಸಿಗಳ ಲಭ್ಯತೆ, ನುಸಿ ಪೀಡೆ ಮತ್ತು ಕಾಂಡದಿಂದ ರಸ ಸೋರುವ ರೋಗದ ಬಗೆಗಿನ ಸಲಹೆ, ಇವಿಷ್ಟೇ ಅದರಲ್ಲಿರುವುದು. ಓದುವವರಲ್ಲಿ ಬಹುಪಾಲು ಮಂದಿ ಐವತ್ತು ದಾಟಿದವರು; ಅವರು ಓದುವುದು ತೋಟದ ಬಿಸಿಲಿನಲ್ಲಿ, ಗೀರು ಬಿದ್ದ ಗಾಜಿನ ಸಣ್ಣ ಫೋನಿನಲ್ಲಿ. ತಾಣ ಕಟ್ಟಲು ಬಳಸಿದ ವರ್ಡ್‌ಪ್ರೆಸ್ ತಂತ್ರಾಂಶ ಮತ್ತು ಅದರ ಅಕ್ಷರಗಳಿಗೆ ಬಳಸಿದ ನೋಟೋ ಸಾನ್ಸ್ ಕನ್ನಡ ಫಾಂಟ್, ಇವೆರಡರ ಈ ವಿಮರ್ಶೆಯನ್ನು ಅವರ ಕಣ್ಣಿನಿಂದಲೇ ಬರೆಯುತ್ತಿದ್ದೇನೆ.

ಮೊದಲಿದ್ದ ತಾಣವನ್ನು ಹಣ ಕೊಟ್ಟು ಮಾಡಿಸಲಾಗಿತ್ತು. ಬಿಳಿಯ ಮೇಲೆ ತಿಳಿಬೂದು ಅಕ್ಷರ, ನೆತ್ತಿಯಲ್ಲಿ ತಾವಾಗಿಯೇ ಸರಿಯುವ ದೊಡ್ಡ ಚಿತ್ರಗಳು, ದರಪಟ್ಟಿಯೆಂದರೆ ಸ್ಕ್ಯಾನ್ ಮಾಡಿದ ಒಂದು ಹಾಳೆ. ಹರಾಜಿನ ದಿನ ಬೆಳೆಗಾರರು ತಾಣವನ್ನು ತೆರೆದು, ಮುಚ್ಚಿ, ಕಚೇರಿಗೆ ಫೋನ್ ಮಾಡಿ "ಇವತ್ತು ರೇಟು ಎಷ್ಟಣ್ಣಾ?" ಎಂದು ಕೇಳುತ್ತಿದ್ದರು. ಆ ಬೂದು ಬಣ್ಣವನ್ನು ಅಳೆದಾಗ ಹಿನ್ನೆಲೆಯೊಂದಿಗೆ ಅದರ ಕಾಂಟ್ರಾಸ್ಟ್ ಅನುಪಾತ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸದ ಅಳತೆ) 2.8:1ರ ಆಸುಪಾಸಿನಲ್ಲಿತ್ತು. ಜಾಲತಾಣಗಳನ್ನು ಎಲ್ಲರೂ ಬಳಸುವಂತಿರಬೇಕೆಂದು 2008ರಲ್ಲಿ ಹೊರಬಂದ ಡಬ್ಲ್ಯೂಸಿಎಜಿ (WCAG) 2.0 ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5:1 ಇರಬೇಕೆನ್ನುತ್ತದೆ. ಈಗ ನಾವು ಬಳಸುವ ಗಾಢ ಬೂದು 12:1ನ್ನು ದಾಟುತ್ತದೆ. ವರ್ಡ್‌ಪ್ರೆಸ್‌ನ ಪುಟ ಬರೆಯುವ ಸಾಧನವಾದ ಬ್ಲಾಕ್ ಎಡಿಟರ್‌ನಲ್ಲಿ ಓದಲಾಗದಂಥ ಬಣ್ಣಗಳ ಜೋಡಿಯನ್ನು ಆರಿಸಿದರೆ ಅದು ಅಲ್ಲಿಯೇ ಎಚ್ಚರಿಸುತ್ತದೆ. ಹೊಸಬರಿಗೆ ಇದು ದೊಡ್ಡ ಉಪಕಾರ.

ನಾನು ಹೆಚ್ಚು ಕಾಲ ಕಳೆದದ್ದು ಸಾಲುಗಳ ಅಂತರದ ಮೇಲೆ. ಇಂಗ್ಲಿಷ್ ಪಠ್ಯಕ್ಕೆ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಅಂತರ ಸಾಕೆಂಬುದು ರೂಢಿ. ಕನ್ನಡದಲ್ಲಿ ಮೇಲೆ ಗುಡಿಸು, ಏತ್ವ, ಓತ್ವ; ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. 'ರಾಷ್ಟ್ರೀಯ' ಎಂಬ ಪದವಿರುವ ಸಾಲಿನ ಅಡಿಯಲ್ಲಿ 'ತೋಟಗಾರಿಕೆ' ಬಂದರೆ ಎರಡೂ ಒಂದಕ್ಕೊಂದು ತಗಲುತ್ತವೆ. 18 ಪಿಕ್ಸೆಲ್ ಅಕ್ಷರಕ್ಕೆ 1.8 ಪಟ್ಟು ಅಂತರ ಕೊಟ್ಟ ಮೇಲೆ ಪುಟ ಉಸಿರಾಡತೊಡಗಿತು. ಲಿಂಕ್‌ಗಳ ಅಡಿಗೆರೆಯೂ ಒತ್ತಕ್ಷರಗಳ ಮೇಲೆಯೇ ಹಾದುಹೋಗುತ್ತಿದ್ದುದರಿಂದ ಅದನ್ನು ಸ್ವಲ್ಪ ಕೆಳಗಿಳಿಸಿದೆ. ಓರೆ ಅಕ್ಷರಗಳನ್ನು ಸಂಪೂರ್ಣವಾಗಿ ಕೈಬಿಟ್ಟಿದ್ದೇನೆ. ಕನ್ನಡ ಮುದ್ರಣದಲ್ಲಿ ಅವುಗಳಿಗೆ ಅಂಥ ಪರಂಪರೆಯಿಲ್ಲ, ಬ್ರೌಸರ್ ತಾನೇ ಅಕ್ಷರವನ್ನು ವಾಲಿಸಿದಾಗ ಓದು ತಡೆಯುತ್ತದೆ.

ಎರಡೂ ಅಂಚುಗಳನ್ನು ಸಮ ಮಾಡುವ ಜೋಡಣೆ ಪುಸ್ತಕದಲ್ಲಿ ಚೆನ್ನ. ಆದರೆ 'ಬೆಳೆಗಾರರಿಗೋಸ್ಕರವೇ' ಎಂಬಂಥ ಉದ್ದದ ಪದಗಳು ಫೋನಿನ ಕಿರಿದಾದ ಪರದೆಗೆ ಬಂದಾಗ, ಅದು ಪದಗಳ ನಡುವೆ ಹಳ್ಳಗಳನ್ನು ತೋಡುತ್ತದೆ. ಆದ್ದರಿಂದ ಎಡಕ್ಕೆ ಮಾತ್ರ ಜೋಡಿಸಿದ್ದೇನೆ. ದೊಡ್ಡ ಪರದೆಯಲ್ಲಿ ಒಂದು ಸಾಲಿಗೆ ಎಂಟು ಹತ್ತು ಪದಗಳು ಮೀರದಂತೆ ಅಂಕಣದ ಅಗಲವನ್ನು ಕಟ್ಟಿಹಾಕಿದ್ದೇನೆ.

ನೋಟೋ ಸಾನ್ಸ್ ಕನ್ನಡ ಮುಕ್ತ ಪರವಾನಗಿಯ ಫಾಂಟ್. 2024ರ ಏಪ್ರಿಲ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.5 ಆವೃತ್ತಿಯ ಫಾಂಟ್ ಲೈಬ್ರರಿಯಿಂದ ಅದನ್ನು ನಮ್ಮ ಸರ್ವರ್‌ಗೇ ಇಳಿಸಿಕೊಳ್ಳಬಹುದು. ಸಾಧಾರಣ ಮತ್ತು ದಪ್ಪ, ಈ ಎರಡೇ ತೂಕಗಳನ್ನು ಇಟ್ಟುಕೊಂಡಿದ್ದೇನೆ. ತೂಕ ಹೆಚ್ಚಿದಷ್ಟೂ ಇಳಿಸಿಕೊಳ್ಳಬೇಕಾದ ಕಡತ ಹೆಚ್ಚುತ್ತದೆ, ಸಿಗ್ನಲ್ ಕಡಿಮೆಯಿರುವ ಹಳ್ಳಿಗಳಲ್ಲಿ ಪುಟ ತೆರೆಯಲು ತಡವಾಗುತ್ತದೆ.

ದರಪಟ್ಟಿ ಈಗ ನಿಜವಾದ ಕೋಷ್ಟಕ. ಅಂಕಿಗಳು ಬಲಕ್ಕೆ ಜೋಡಣೆಯಾಗಿವೆ, ಕ್ವಿಂಟಲ್ ದರ ಮೊದಲ ಪರದೆಯಲ್ಲಿಯೇ ಕಾಣುತ್ತದೆ. 'ಇಲ್ಲಿ ಒತ್ತಿ' ಎಂಬ ಲಿಂಕ್‌ಗಳ ಬದಲು 'ಈ ವಾರದ ಕೊಬ್ಬರಿ ದರ' ಎಂದೇ ಬರೆಯುತ್ತೇನೆ. ತಾಣದ ಭಾಷೆಯನ್ನು ಸೆಟ್ಟಿಂಗ್ಸ್‌ನಲ್ಲಿ ಕನ್ನಡವೆಂದು ಆರಿಸಿದರೆ, ಪುಟ ಯಾವ ಭಾಷೆಯದೆಂದು ಅಂಧರು ಬಳಸುವ ಸ್ಕ್ರೀನ್ ರೀಡರ್‌ಗೂ ತಿಳಿಯುತ್ತದೆ. ಇನ್ನೊಂದು ಸೂಚನೆ: ಪುಟದ ವಿಳಾಸವನ್ನು ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ ನೀವೇ ಬರೆಯಿರಿ. ಕನ್ನಡದ ಶೀರ್ಷಿಕೆಯಿಂದ ಮೂಡುವ ವಿಳಾಸವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಲು ನಕಲಿಸಿದಾಗ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಒಂದೊಂದು ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗಬಹುದು; ಅಂಥ ಉದ್ದನೆಯ ವಿಳಾಸವನ್ನು ಕಂಡು ಜನ ಅನುಮಾನಿಸುತ್ತಾರೆ.

ಹರಾಜಿನ ದಿನದ ಫೋನ್ ಕರೆಗಳು ಬಹಳ ಇಳಿದಿವೆ. ಕಳೆದ ಬೇಸಿಗೆಯಲ್ಲಿ ಹಿರಿಯ ಬೆಳೆಗಾರರೊಬ್ಬರು ಕರೆ ಮಾಡಿ, ಗೊಬ್ಬರದ ಪ್ರಮಾಣ ಮರಕ್ಕೋ ಎಕರೆಗೋ ಎಂದು ಬರೆದಿಲ್ಲವಲ್ಲ ಎಂದು ಕೇಳಿದರು. ಮೂರನೆಯ ಪ್ಯಾರಾದವರೆಗೂ ಅವರು ಓದಿದ್ದರು. ನನಗೆ ಅಂದು ಆದ ಸಂತೋಷ ಸಣ್ಣದಲ್ಲ, ತಪ್ಪನ್ನೂ ಅಂದೇ ತಿದ್ದಿದೆ.

ಬಾಕಿ ಉಳಿದಿರುವುದು ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ಹಳೆಯ ಸಲಹಾ ಪತ್ರಗಳು. ಅವುಗಳನ್ನು ಪರಿವರ್ತಕದಲ್ಲಿ ಹಾಕಿ ಪಡೆದ ಪಠ್ಯದಲ್ಲಿ ಅರ್ಕಾವತ್ತು ಸ್ಥಾನ ತಪ್ಪುವುದುಂಟು, ಏಕೆಂದರೆ ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ನಂತರ, ಯೂನಿಕೋಡ್‌ನಲ್ಲಿ ಅಕ್ಷರದ ಮೊದಲು ದಾಖಲಾಗುತ್ತದೆ. ಹಾಗಾಗಿ ಪ್ರತಿಯೊಂದು ಪತ್ರವನ್ನೂ ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಿದ ಮೇಲೆಯೇ ತಾಣಕ್ಕೆ ಏರಿಸುತ್ತಿದ್ದೇನೆ.