ಫ್ಲೋರೈಡ್ ಊರಿನ ಪಂಚಾಯ್ತಿ ಹಣ: ಮಾತ್ರೆಗೋ, ನೀರಿಗೋ?

ಜಗಳೂರು, ಮೊಳಕಾಲ್ಮೂರು ಕಡೆಯ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ, ಮಕ್ಕಳ ಹಲ್ಲಿನ ಮೇಲೆ ಕಲೆ ಕೂರುತ್ತದೆ. ಅಲ್ಲಿನ ಪಂಚಾಯ್ತಿ ಸದಸ್ಯರು ಇರುವ ಹಣವನ್ನು ಎಲ್ಲಿಗೆ ಹಾಕಬೇಕೆಂದು ಕೇಳಿದರೆ, ಚಿಕಿತ್ಸಾ ಶಿಬಿರ, ಶುದ್ಧ ನೀರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಎನ್ನುತ್ತೇನೆ.

ಚಿಕಿತ್ಸಾ ಶಿಬಿರ: ಮಂಡಿ, ಸೊಂಟ ಹಿಡಿದವರಿಗೆ ಅವತ್ತೇ ನೋವಿನ ಮಾತ್ರೆ ಸಿಗುತ್ತದೆ. ಆ ನೆಮ್ಮದಿ ಸಣ್ಣದಲ್ಲ. ಆದರೆ ಬಿಗಿದ ಬೆನ್ನುಮೂಳೆಯನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ಶಿಬಿರ ಮುಗಿಸಿ ಮನೆಗೆ ಹೋದವರು ಕುಡಿಯುವುದೂ ಅದೇ ನೀರು.

ಶುದ್ಧ ನೀರು: ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಕುದಿಸಿದರೆ ಇದು ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಸಾಂದ್ರವಾಗುತ್ತದೆ. ಶುದ್ಧೀಕರಣ ಘಟಕ ಬೇಕು, ಇಲ್ಲವೇ ಚಾವಣಿಯ ಮಳೆನೀರು ಹಿಡಿಯಬೇಕು. ಘಟಕಕ್ಕೆ ಕರೆಂಟು, ಫಿಲ್ಟರ್ ಬದಲಾವಣೆ, ನೋಡಿಕೊಳ್ಳುವವರ ಸಂಬಳ ಎಲ್ಲ ಸೇರುತ್ತವೆ. ಉದ್ಘಾಟನೆಯ ದಿನ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಒಂದಷ್ಟು ನೀರು ವ್ಯರ್ಥವೂ ಆಗುತ್ತದೆ. ಮಳೆನೀರಿಗೆ ಖರ್ಚು ಕಡಿಮೆ, ಆದರೆ ನಮ್ಮ ಬಯಲುಸೀಮೆಯ ಮಳೆ ನಂಬಿ ವರ್ಷವಿಡೀ ಕೂರಲಾಗದು.

ಆದರೂ ನನ್ನ ಆಯ್ಕೆ ನೀರೇ. ಮಕ್ಕಳ ಹಲ್ಲಿನ ಮೇಲೆ ಕಲೆ ಕೂರುವುದು ಹಲ್ಲು ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ. ಆ ವರ್ಷಗಳು ಕಳೆದ ಮೇಲೆ ಎಷ್ಟು ದುಡ್ಡು ಸುರಿದರೂ ಆ ಹಲ್ಲು ಮೊದಲಿನಂತಾಗದು. ಶಿಬಿರವನ್ನು ಪೂರ್ತಿ ಕೈಬಿಡಬೇಡಿ, ಹಿರಿಯರಿಗೆ ಅದು ಬೇಕು. ಮೊದಲು ಎಲ್ಲ ಕೊಳವೆಬಾವಿಗಳ ನೀರನ್ನೂ ಪರೀಕ್ಷೆಗೆ ಕಳಿಸಿ, ಅಂಗನವಾಡಿ ಮತ್ತು ಶಾಲೆಯ ನಲ್ಲಿಯಿಂದ ಕೆಲಸ ಶುರು ಮಾಡಿ.