ರಿಚ್ ಮಿಶ್ರಣದ ದೋಷ ಹುಡುಕಲು ಮೂರು ವರ್ಷ ಬಳಸಿದ ಒಬಿಡಿ ಸ್ಕ್ಯಾನರ್: ನನ್ನ ಅನುಭವ

ಅಂಗೈಯಗಲದ ಈ ಒಬಿಡಿ-2 (ಕಾರಿನ ಕಂಪ್ಯೂಟರ್ ದೋಷಗಳನ್ನು ತಾನೇ ಗುರುತಿಸಿ ದಾಖಲಿಸುವ ವ್ಯವಸ್ಥೆ) ಸ್ಕ್ಯಾನರ್ ನನ್ನ ಕೈಸೇರಿ ಮೂರು ವರ್ಷ ದಾಟಿದೆ. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಕೇಬಲ್ ಮೂಲಕ ಜೋಡಿಸುವ, ತನ್ನದೇ ಪುಟ್ಟ ಪರದೆಯಿರುವ ಸಾಧನವಿದು. ದೋಷಸಂಕೇತಗಳನ್ನು ಓದುವುದು, ಅಳಿಸುವುದು, ಸೆನ್ಸರ್‌ಗಳ ಲೈವ್ ಡೇಟಾವನ್ನು ಅಂಕಿಯಾಗಿಯೂ ಗ್ರಾಫ್ ಆಗಿಯೂ ತೋರಿಸುವುದು, ಇಷ್ಟೇ ಇದರ ಕೆಲಸ. ನನ್ನ ಪೆಟ್ರೋಲ್ ಕಾರನ್ನು ಕೆಲವು ತಿಂಗಳು ಬಿಡದೆ ಕಾಡಿದ ರಿಚ್ ಮಿಶ್ರಣದ, ಅಂದರೆ ಗಾಳಿಯ ಲೆಕ್ಕಕ್ಕೆ ಇಂಧನ ಹೆಚ್ಚಾಗುವ, ದೋಷವೇ ಇದನ್ನು ಕೊಳ್ಳಲು ಕಾರಣವಾದ್ದರಿಂದ, ಈ ವಿಮರ್ಶೆಯನ್ನೂ ಆ ಒಂದು ಕೆಲಸಕ್ಕೆ ಸೀಮಿತಗೊಳಿಸಿದ್ದೇನೆ.

ಕಾರಿನ ಮೈಲೇಜ್ ಕುಸಿದಿತ್ತು, ಸೈಲೆನ್ಸರ್ ಬಾಯಿಗೆ ಬೆರಳು ತಾಗಿಸಿದರೆ ಒಣ ಮಸಿ ಹತ್ತುತ್ತಿತ್ತು, ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ನಡುಗುತ್ತಿತ್ತು. ಇವೆಲ್ಲಕ್ಕಿಂತ ವಿಚಿತ್ರವೆನಿಸಿದ ಇನ್ನೊಂದು ಲಕ್ಷಣವಿತ್ತು: ಟ್ಯಾಂಕ್ ತುಂಬಿಸಿದ ಕೂಡಲೇ ಸ್ಟಾರ್ಟ್ ಮಾಡಿದರೆ ಇಂಜಿನ್ ಎರಡು ಮೂರು ಸಲ ತಡವರಿಸಿಯೇ ಹಿಡಿದುಕೊಳ್ಳುತ್ತಿತ್ತು. ಚೆಕ್ ಇಂಜಿನ್ ದೀಪ ಹೊತ್ತಿದಾಗ ಗ್ಯಾರೇಜಿಗೆ ಒಯ್ದೆ. ಅಲ್ಲಿ ಪಿ0172 ಎಂಬ ಸಂಕೇತ ಓದಿ, ಎಕ್ಸಾಸ್ಟ್ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಿ, ಸಂಕೇತ ಅಳಿಸಿ ಕಳುಹಿಸಿದರು. ಹನ್ನೆರಡು ದಿನಕ್ಕೆ ದೀಪ ಮತ್ತೆ ಹೊತ್ತಿತು.

ಪಿ0172 ಎಂದರೆ ಮೊದಲ ಬ್ಯಾಂಕಿನ (ಸಿಲಿಂಡರ್‌ಗಳ ಸಾಲಿನ) ಮಿಶ್ರಣದಲ್ಲಿ ಇಂಧನ ಹೆಚ್ಚಾಗಿದೆ ಎಂದಷ್ಟೇ ಅರ್ಥ. ಹೆಚ್ಚಾದದ್ದು ಏಕೆ ಎಂಬುದನ್ನು ಅದು ಹೇಳುವುದಿಲ್ಲ. ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಇಂಧನಕ್ಕೆ ಸುಮಾರು 14.7 ಪಾಲು ಗಾಳಿ ಬೇಕು. ಈ ಪ್ರಮಾಣ ತಪ್ಪಿದ್ದನ್ನು ಆಕ್ಸಿಜನ್ ಸೆನ್ಸರ್ ತಿಳಿಸಿದಾಗ ಇಂಜಿನ್ ಕಂಪ್ಯೂಟರ್ ಇಂಜೆಕ್ಟರ್ ತೆರೆದಿರುವ ಅವಧಿಯನ್ನು ಕೂಡಿಸಿಯೋ ಕಳೆದೋ ಸರಿದೂಗಿಸುತ್ತದೆ. ಈ ಕೂಡುಕಳೆಯುವಿಕೆಯ ಶೇಕಡಾವಾರು ಲೆಕ್ಕವೇ ಫ್ಯೂಯಲ್ ಟ್ರಿಮ್. ಕ್ಷಣಕ್ಷಣಕ್ಕೂ ಏರಿಳಿಯುವುದು ಶಾರ್ಟ್ ಟರ್ಮ್ ಟ್ರಿಮ್, ಕಂಪ್ಯೂಟರ್ ಕಲಿತು ನೆನಪಿಟ್ಟುಕೊಳ್ಳುವುದು ಲಾಂಗ್ ಟರ್ಮ್ ಟ್ರಿಮ್. ಮೈನಸ್ ಅಂಕಿ ಬಂದರೆ ಕಂಪ್ಯೂಟರ್ ಇಂಧನವನ್ನು ಕಳೆಯುತ್ತಿದೆ ಎಂದು ತಿಳಿಯಬೇಕು. ಅಂದರೆ ದೀಪ ಹೊತ್ತುವ ಹೊತ್ತಿಗೆ ಅದು ಎಷ್ಟೋ ಕಾಲದಿಂದ ಕಳೆಯುತ್ತಲೇ ಬಂದು, ಅದಕ್ಕೆ ಹಾಕಿದ ಮಿತಿಯನ್ನು ಮುಟ್ಟಿರುತ್ತದೆ. ಅತಿಯಾದ ಇಂಧನವನ್ನು ಸರಿಯಾಗಿಯೇ ಗುರುತಿಸಿ ತಿಳಿಸುತ್ತಿದ್ದ ಸೆನ್ಸರನ್ನೇ ನನ್ನ ಕಾರಿನಲ್ಲಿ ಮೊದಲು ಕಿತ್ತುಹಾಕಲಾಗಿತ್ತು.

ಸ್ಕ್ಯಾನರ್ ಬಂದ ಮೊದಲ ಸಂಜೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎರಡೂ ಟ್ರಿಮ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಐಡ್ಲಿಂಗ್‌ನಲ್ಲಿ ಲಾಂಗ್ ಟರ್ಮ್ ಟ್ರಿಮ್ ಮೈನಸ್ 17ರಲ್ಲಿತ್ತು. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿದಾಗ ಮೈನಸ್ 5ಕ್ಕೆ ಬಂತು. ನನ್ನ ಮಟ್ಟಿಗೆ ಇಡೀ ಹುಡುಕಾಟದ ತಿರುವು ಈ ಒಂದು ವ್ಯತ್ಯಾಸವೇ. ಇಂಧನದ ಒತ್ತಡ ಅತಿಯಾಗಿದ್ದರೆ ಅಥವಾ ಗಾಳಿ ಅಳೆಯುವ ಸೆನ್ಸರ್ ಹೆಚ್ಚಾಗಿ ಓದುತ್ತಿದ್ದರೆ ವೇಗ ಏರಿದರೂ ದೋಷ ಹೀಗೆ ಕರಗಿಹೋಗುವುದು ಅಪರೂಪ. ಐಡ್ಲಿಂಗ್‌ನಲ್ಲಿ ಮಾತ್ರ ಕೆಟ್ಟಿದ್ದು ಮೇಲಿನ ವೇಗದಲ್ಲಿ ಸುಧಾರಿಸುತ್ತದೆ ಎಂದಾದರೆ, ಲೆಕ್ಕಕ್ಕೆ ಸಿಗದ ಸಣ್ಣ ಪ್ರಮಾಣದ ಇಂಧನ ಎಲ್ಲಿಂದಲೋ ಒಂದೇ ಸಮನೆ ಸೇರುತ್ತಿದೆ ಎಂದೂ, ಇಂಜಿನ್ ಹೆಚ್ಚು ಗಾಳಿ ಎಳೆದುಕೊಂಡಾಗ ಅದರ ಪಾಲು ಗೌಣವಾಗುತ್ತಿದೆ ಎಂದೂ ಊಹಿಸಬಹುದು. ತೊಟ್ಟಿಕ್ಕುವ ಇಂಜೆಕ್ಟರ್ ಇರಬಹುದು, ಪೆಟ್ರೋಲ್ ಬೆರೆತ ಇಂಜಿನ್ ಆಯಿಲ್‌ನ ಆವಿ ಇರಬಹುದು, ಇಲ್ಲವೇ ತೆರೆದೇ ಉಳಿದ ಪರ್ಜ್ ವಾಲ್ವ್ ಇರಬಹುದು.

ಟ್ಯಾಂಕ್ ತುಂಬಿಸಿದ ಮೇಲಿನ ತಡವರಿಕೆ ನೆನಪಾದದ್ದು ಆಗ. ಟ್ಯಾಂಕಿನ ಆವಿಯನ್ನು, ಅದನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯಿಂದ ಇಂಜಿನ್‌ಗೆ ಬಿಡುವ ಕವಾಟವೇ ಪರ್ಜ್ ವಾಲ್ವ್. ಟ್ಯಾಂಕ್ ತುಂಬಿಸಿದಾಗ ಈ ಆವಿ ಹೆಚ್ಚು; ವಾಲ್ವ್ ತೆರೆದೇ ಉಳಿದಿದ್ದರೆ ಅದು ಸ್ಟಾರ್ಟ್ ಮಾಡುವಾಗಲೇ ಇಂಜಿನ್ ಸೇರುತ್ತದೆ. ಇಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡ್‌ಗೆ ಅದರಿಂದ ಹೋಗುವ ರಬ್ಬರ್ ಕೊಳವೆಗೆ ಬಟ್ಟೆ ಸುತ್ತಿ, ಇಕ್ಕಳದಿಂದ ಅದುಮಿ ಹಿಡಿದು ಪರದೆ ನೋಡಿದೆ. ಮೈನಸ್ 2ರ ಆಸುಪಾಸಿನಲ್ಲಿದ್ದ ಶಾರ್ಟ್ ಟರ್ಮ್ ಟ್ರಿಮ್ ನಾಲ್ಕೈದು ಸೆಕೆಂಡುಗಳಲ್ಲಿ ಪ್ಲಸ್ 14ಕ್ಕೆ ಏರಿತು. ಹಳೆಯ ಲೆಕ್ಕದಂತೆ 17 ಕಳೆಯುತ್ತಲೇ ಇದ್ದ ಕಂಪ್ಯೂಟರ್, ಆವಿ ನಿಂತೊಡನೆ ಇಂಧನ ಸಾಲದಾಗಿ ಮತ್ತೆ ಕೂಡಿಸತೊಡಗಿತ್ತು. ಇಕ್ಕಳ ಸಡಿಲಿಸಿದರೆ ಅಂಕಿ ಕೆಳಗಿಳಿಯುತ್ತಿತ್ತು, ಅದುಮಿದರೆ ಮತ್ತೆ ಏರುತ್ತಿತ್ತು. ಮೂರು ಸಲ ಮಾಡಿ ಖಚಿತಪಡಿಸಿಕೊಂಡೆ. ವಾಲ್ವ್ ಬಿಚ್ಚಿ, ವಿದ್ಯುತ್ ಸಂಪರ್ಕವಿಲ್ಲದಾಗ ಬಿಗಿಯಾಗಿ ಮುಚ್ಚಿರಬೇಕಾದ ಅದಕ್ಕೆ ಸ್ವಚ್ಛವಾದ ಕೊಳವೆ ಸಿಕ್ಕಿಸಿ ಊದಿದಾಗ ಗಾಳಿ ಸರಾಗವಾಗಿ ಆಚೆ ಹೋಯಿತು. ಹೊಸ ವಾಲ್ವ್ ಹಾಕಿದ ಎರಡು ವಾರಗಳಲ್ಲಿ ಲಾಂಗ್ ಟರ್ಮ್ ಟ್ರಿಮ್ ಮೈನಸ್ 2ಕ್ಕೆ ಬಂದು ನೆಲೆಯಾಯಿತು, ಐಡ್ಲಿಂಗ್ ನಡುಕವೂ ಹೋಯಿತು.

ಎರಡನೇ ಪರೀಕ್ಷೆ ನನ್ನ ತಮ್ಮನ ಕಾರಿನಲ್ಲಿ ನಡೆಯಿತು. ಅದರಲ್ಲಿ ಕಪ್ಪು ಹೊಗೆ ಬರುತ್ತಿತ್ತು, ಆದರೆ ದೋಷಸಂಕೇತ ಒಂದೂ ಇರಲಿಲ್ಲ. ಅರ್ಧ ಗಂಟೆ ಓಡಿಸಿ ಬಂದು, ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ಟಲಾಗದಷ್ಟು ಕಾದಿದ್ದರೂ ಸ್ಕ್ಯಾನರ್ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ತಾಪಮಾನ 31 ಡಿಗ್ರಿ ಎನ್ನುತ್ತಿತ್ತು. ಇಂಜಿನ್ ಇನ್ನೂ ತಣ್ಣಗಿದೆ ಎಂದು ನಂಬಿದ ಕಂಪ್ಯೂಟರ್ ಹೆಚ್ಚಿನ ಪೆಟ್ರೋಲ್ ಸುರಿಯುತ್ತಲೇ ಇತ್ತು. ಸೆನ್ಸರ್ ಬದಲಿಸಿದ ಮೇಲೆ ಅದೇ ಓಟಕ್ಕೆ 90 ಡಿಗ್ರಿ ತೋರಿಸಿತು. ರಾತ್ರಿಯಿಡೀ ನಿಂತ ಕಾರಿನಲ್ಲಿ, ಸ್ಟಾರ್ಟ್ ಮಾಡುವ ಮೊದಲು, ಕೂಲೆಂಟ್ ಮತ್ತು ಇಂಜಿನ್ ಎಳೆದುಕೊಳ್ಳುವ ಗಾಳಿಯ ತಾಪಮಾನಗಳು ಹೆಚ್ಚುಕಡಿಮೆ ಒಂದೇ ಇರಬೇಕು. ಈಗ ಯಾವ ಕಾರಿಗೇ ಆಗಲಿ ನನ್ನ ಮೊದಲ ಪರೀಕ್ಷೆ ಅದೇ.

ಕೊರತೆಗಳನ್ನೂ ಹೇಳಲೇಬೇಕು. ಈ ಸಾಧನ ತೋರಿಸುವುದು ಕಂಪ್ಯೂಟರ್ ಏನನ್ನು ನಂಬಿದೆಯೋ ಅದನ್ನು ಮಾತ್ರ. ಆಕ್ಸಿಜನ್ ಸೆನ್ಸರ್‌ಗಿಂತ ಮೊದಲೇ ಎಕ್ಸಾಸ್ಟ್ ಪೈಪಿನಲ್ಲಿ ಬಿರುಕಿದ್ದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ಲೀನ್ (ಇಂಧನ ಕಡಿಮೆ) ಎಂಬ ಸುಳ್ಳು ಸುದ್ದಿ ಹೋಗುತ್ತದೆ; ಆಗ ಟ್ರಿಮ್ ಪ್ಲಸ್ ತೋರಿಸುತ್ತಿರುತ್ತದೆ, ಸ್ಪಾರ್ಕ್ ಪ್ಲಗ್ಗುಗಳು ಮಾತ್ರ ಮಸಿ ಹಿಡಿದಿರುತ್ತವೆ. ಆದ್ದರಿಂದ ಒಂದಾದರೂ ಪ್ಲಗ್ ಬಿಚ್ಚಿ ನೋಡದೆ ಅಂಕಿಗಳನ್ನು ನಂಬಬೇಡಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ಕಾರಿನಲ್ಲಿ ಇಂಧನದ ಒತ್ತಡ ಇದರಲ್ಲಿ ಕಾಣುವುದಿಲ್ಲ, ಅದಕ್ಕೆ ಬೇರೆ ಗೇಜ್ ಬೇಕು. ಪರ್ಜ್ ವಾಲ್ವ್‌ಗೆ ಆದೇಶ ಕೊಟ್ಟು ತೆರೆದು ಮುಚ್ಚಿಸುವ ಸೌಲಭ್ಯವೂ ಇಲ್ಲ. ಏಳೆಂಟು ಸೆನ್ಸರ್‌ಗಳನ್ನು ಒಟ್ಟಿಗೆ ಆರಿಸಿದರೆ ಅಂಕಿಗಳು ಬದಲಾಗುವ ವೇಗ ಕುಂಠಿತವಾಗುತ್ತದೆ, 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಓಲಾಡುವ ಆಕ್ಸಿಜನ್ ಸೆನ್ಸರ್‌ನ ಗ್ರಾಫ್ ಆಗ ಸೋಮಾರಿ ಸೆನ್ಸರ್‌ನದ್ದರಂತೆ ಕಾಣುತ್ತದೆ. ಒಂದು ಸಲಕ್ಕೆ ಎರಡೋ ಮೂರೋ ಆರಿಸಿಕೊಂಡರೆ ಈ ತೊಂದರೆಯಿಲ್ಲ. ಸಾಕೆಟ್‌ನ 16ನೇ ಪಿನ್‌ಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಬರುವುದರಿಂದ ಕೆಲಸ ಮುಗಿದ ಮೇಲೆ ಕೇಬಲ್ ಕಳಚಿಡಬೇಕು.

ಸಂಕೇತ ಅಳಿಸುವ ಗುಂಡಿ ಓದುವ ಗುಂಡಿಯ ಪಕ್ಕದಲ್ಲೇ ಇರುವುದು ನನಗೆ ಈ ಸಾಧನದ ದೊಡ್ಡ ದೋಷವೆನಿಸುತ್ತದೆ. ಸಂಕೇತದೊಂದಿಗೆ ಫ್ರೀಜ್ ಫ್ರೇಮ್, ಅಂದರೆ ದೋಷ ದಾಖಲಾದ ಕ್ಷಣದ ವೇಗ, ತಾಪಮಾನ, ಟ್ರಿಮ್ ಎಲ್ಲವೂ ಅಳಿಸಿಹೋಗುತ್ತವೆ. ಗ್ಯಾರೇಜಿನಲ್ಲಿ ನನ್ನ ಕಾರಿನ ಮೊದಲ ದಾಖಲೆ ಹೋದದ್ದು ಹಾಗೆಯೇ. ಎರಡನೇ ಸಲ ದೀಪ ಹೊತ್ತಿದಾಗ ಉಳಿದಿದ್ದ ದಾಖಲೆಯನ್ನು ನಾನು ಮೊದಲು ಕಾಗದಕ್ಕೆ ಇಳಿಸಿಕೊಂಡೆ: ವೇಗ ಸೊನ್ನೆ, ಕೂಲೆಂಟ್ 92 ಡಿಗ್ರಿ, 740 ಆರ್‌ಪಿಎಂ. ನಿಂತ ಕಾರಿನ ಐಡ್ಲಿಂಗ್‌ನಲ್ಲಿಯೇ ಹುಡುಕಬೇಕೆಂದು ಆ ಮೂರು ಅಂಕಿಗಳು ಅಂದೇ ತಿಳಿಸಿದ್ದವು.